ಕೋಗಿಲೆಯನ್ನು ಅರಿಯಲು ಕಾಗೆಯ ಮೇಲೆ ಕಣ್ಣಿಡಿ: ಒಂದು ಹಂಗಾಮಿನ ವೀಕ್ಷಣೆಗೆ ಮಾರ್ಗದರ್ಶಿ

ಕೋಗಿಲೆಯ ದನಿಯನ್ನು ಕೇಳದ ಕನ್ನಡಿಗರು ಇಲ್ಲವೆಂದೇ ಹೇಳಬಹುದು. ಆದರೆ ಕೂಗುತ್ತಿರುವ ಹಕ್ಕಿಯನ್ನು ಕಣ್ಣಾರೆ ಕಂಡವರು ಕಡಿಮೆ, ಹೆಣ್ಣನ್ನು ಕಂಡು ಅದು ಕೋಗಿಲೆಯೇ ಎಂದು ಗುರುತಿಸಿದವರು ಇನ್ನೂ ಕಡಿಮೆ, ಕಾಗೆಯ ಕೊಕ್ಕಿನಿಂದ ತುತ್ತು ಪಡೆಯುತ್ತಿರುವ ಕೋಗಿಲೆಮರಿಯನ್ನು ನೋಡಿದವರಂತೂ ಬೆರಳೆಣಿಕೆಯಷ್ಟು. ಹಕ್ಕಿಯೇನೂ ಅಪರೂಪದ್ದಲ್ಲ. ಬೆಂಗಳೂರಿನ ಬಡಾವಣೆಗಳಿಂದ ಹಿಡಿದು ಕರಾವಳಿಯ ತೆಂಗಿನ ತೋಟ, ಬಯಲುಸೀಮೆಯ ಮಾವಿನ ತೋಪು, ಮಲೆನಾಡಿನ ಊರಂಚಿನವರೆಗೆ ಎಲ್ಲೆಡೆಯೂ ಅದು ವಾಸವಾಗಿದೆ. ನಾವು ಅದನ್ನು ಹುಡುಕುವ ಕ್ರಮದಲ್ಲಿ ಮಾತ್ರ ಒಂದು ಕೊರತೆಯಿದೆ. ದನಿ ಬಂದ ದಿಕ್ಕಿಗೆ ತಲೆಯೆತ್ತಿ, ಎಲೆಗಳ ನಡುವೆ ಏನೂ ಕಾಣದೆ ಅಲ್ಲಿಗೇ ಬಿಟ್ಟುಬಿಡುತ್ತೇವೆ. ಕೋಗಿಲೆಯ ಬಾಳಿನ ಬಹುಪಾಲು ನಡೆಯುವುದು ಕಾಗೆಯ ಗೂಡಿನ ಸುತ್ತ ಮತ್ತು ಹಣ್ಣಿನ ಮರಗಳಲ್ಲಿ. ಆ ಎರಡು ತಾಣಗಳ ಮೇಲೆ ಕಣ್ಣಿಟ್ಟರೆ, ಒಂದೇ ಹಂಗಾಮಿನಲ್ಲಿ ಈ ಹಕ್ಕಿಯ ಜೀವನಚಕ್ರದ ಹೆಚ್ಚಿನ ಭಾಗವನ್ನು ಮನೆಯ ಆಸುಪಾಸಿನಲ್ಲಿಯೇ ನೋಡಬಹುದು. ಅದಕ್ಕೆ ಬೇಕಾದ ಕ್ರಮವನ್ನು, ಆಯಾ ಹಂತದಲ್ಲಿ ತಿಳಿದಿರಬೇಕಾದ ಸಂಗತಿಗಳೊಂದಿಗೆ, ಇಲ್ಲಿ ವಿವರಿಸಲಾಗಿದೆ.

ಮೊದಲ ಹಂತ: ಕಾಲ ಮತ್ತು ವ್ಯಾಪ್ತಿಯನ್ನು ಗೊತ್ತುಮಾಡಿಕೊಳ್ಳುವುದು

ಭಾರತದಲ್ಲಿ ಕೋಗಿಲೆಯ ಸಂತಾನಕಾಲ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಬ್ಬಿದೆ. ಯುಗಾದಿಗೆ ಮೂರು ನಾಲ್ಕು ವಾರ ಮುಂಚೆಯೇ ವೀಕ್ಷಣೆಯನ್ನು ಆರಂಭಿಸುವುದು ಒಳ್ಳೆಯದು. ಮರಗಳ ಎಲೆ ಉದುರಿರುವ ಆ ದಿನಗಳಲ್ಲಿ ಹಳೆಯ ಕಾಗೆಗೂಡುಗಳು ಬರಿಗಣ್ಣಿಗೇ ಕಾಣುತ್ತವೆ, ಮುಂದೆ ಅವೇ ಮರಗಳಲ್ಲಿ ಹೊಸ ಗೂಡು ಏಳುವ ಸಂಭವವೂ ಹೆಚ್ಚು. ಮನೆಯಿಂದ ನಡೆದು ಹೋಗಿ ಬರಬಹುದಾದಷ್ಟು ಪ್ರದೇಶವನ್ನು ಆರಿಸಿಕೊಂಡು, ಅದರೊಳಗಿನ ಗೂಡಿರುವ ಮರಗಳನ್ನೂ ಹಣ್ಣು ಬಿಡುವ ಮರಗಳನ್ನೂ ಒಂದು ಕಚ್ಚಾ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ಬೈನಾಕ್ಯುಲರ್, ಒಂದು ಟಿಪ್ಪಣಿ ಪುಸ್ತಕ, ಧ್ವನಿಮುದ್ರಣಕ್ಕೆ ಮೊಬೈಲ್ ಫೋನ್ ಇದ್ದರೆ ಸಾಕು. ಗೂಡಿರುವ ಮರದ ಬುಡದಲ್ಲಿ ಓಡಾಡುವವರ ತಲೆಗೆ ಕಾಗೆಗಳು ಎರಗುವುದು ಸಾಮಾನ್ಯವಾದ್ದರಿಂದ ಒಂದು ಛತ್ರಿಯನ್ನೂ ಇಟ್ಟುಕೊಳ್ಳುವುದು ಜಾಣತನ.

ವಸಂತದಲ್ಲಿ ಕೋಗಿಲೆ ಎಲ್ಲಿಂದಲೋ ಬರುತ್ತದೆ ಎಂಬ ನಂಬಿಕೆಯನ್ನು ಈ ಹಂತದಲ್ಲಿಯೇ ಬಿಟ್ಟುಬಿಡುವುದು ಲೇಸು. ನಮ್ಮ ನಾಡಿನ ಕೋಗಿಲೆ ವರ್ಷವಿಡೀ ಇಲ್ಲಿಯೇ ಇರುವ ಹಕ್ಕಿ. ಚಳಿಗಾಲದಲ್ಲಿ ಅದು ಬಹುಮಟ್ಟಿಗೆ ಮೌನವಾಗಿರುವುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ, ಅಷ್ಟೆ. ಜನವರಿಯಲ್ಲಿ ಹಣ್ಣು ತುಂಬಿದ ಆಲದ ಮರವೊಂದರ ಕೆಳಗೆ ಅರ್ಧ ಗಂಟೆ ನಿಂತವರಿಗೆ ಇದು ಮನದಟ್ಟಾಗುತ್ತದೆ.

ಎರಡನೆಯ ಹಂತ: ಕಿವಿಯನ್ನು ಪಳಗಿಸುವುದು

ಮೊದಲು ತಿಳಿಯಬೇಕಾದ ಮಾತೆಂದರೆ, ನಾವೆಲ್ಲ ಮೆಚ್ಚುವ ‘ಕುಹೂ’ ಗಂಡಿನದು. ಇಂಪಾಗಿ ಹಾಡುವ ಹೆಣ್ಣುಮಕ್ಕಳನ್ನು ಕೋಗಿಲೆಗೆ ಹೋಲಿಸುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಹಾಡುವ ಹಕ್ಕಿ ಹೆಣ್ಣೇ ಎಂದು ಬಹಳ ಮಂದಿ ಭಾವಿಸಿದ್ದಾರೆ. ಗಂಡಿನ ಕೂಗು ಎರಡು ಸ್ವರಗಳದು. ಮೊದಲನೆಯದು ಕಿರಿದು, ಎರಡನೆಯದು ಮೇಲೇರುತ್ತ ನೀಳವಾಗುತ್ತದೆ. ಹಕ್ಕಿ ಇದನ್ನು ಒಂದೇ ಉಸಿರಿನ ಸರಣಿಯಂತೆ ಏಳೆಂಟು ಬಾರಿ ಉಲಿಯುತ್ತದೆ. ಪ್ರತಿ ಸಲವೂ ಸ್ಥಾಯಿ ತುಸು ಏರಿ, ಕೊನೆಗೆ ಉತ್ಕಟ ಮಟ್ಟಕ್ಕೆ ತಲುಪಿದೊಡನೆ ತಟಕ್ಕನೆ ನಿಂತುಬಿಡುತ್ತದೆ. ಕೆಲವು ಕ್ಷಣಗಳ ಬಳಿಕ ಮತ್ತೆ ಕೆಳಗಿನ ಸ್ಥಾಯಿಯಿಂದ ಆರಂಭ. ಬೆಳಗಿನ ಜಾವದ ಕತ್ತಲಲ್ಲಿಯೇ ಕೂಗು ಶುರುವಾಗುವುದುಂಟು, ಬೆಳದಿಂಗಳ ರಾತ್ರಿಗಳಲ್ಲಿಯೂ ಅದು ಕೇಳಿಬರುತ್ತದೆ.

ಹೆಣ್ಣಿನ ದನಿ ಇದಕ್ಕೆ ತೀರ ಭಿನ್ನ. ‘ಕಿಕ್-ಕಿಕ್-ಕಿಕ್-ಕಿಕ್’ ಎಂಬ ಕರ್ಕಶವಾದ, ಬಿರುಸಿನ ಸರಮಾಲೆಯನ್ನು ಅದು ಹೆಚ್ಚಾಗಿ ಒಂದು ಮರದಿಂದ ಇನ್ನೊಂದಕ್ಕೆ ಹಾರುವಾಗ ಅಥವಾ ಕಾಗೆಗಳು ಅಟ್ಟಿಸಿಕೊಂಡು ಬಂದಾಗ ಹೊರಡಿಸುತ್ತದೆ. ಈ ದನಿಯನ್ನು ಗುರುತಿಸಲು ಕಲಿಯುವುದು ಇಡೀ ವೀಕ್ಷಣೆಯಲ್ಲಿ ಅತ್ಯಂತ ಉಪಯುಕ್ತ ಕೌಶಲವೆಂದು ನನ್ನ ಅಭಿಪ್ರಾಯ. ಗಂಡಿನ ಕೂಗು ಸುತ್ತಮುತ್ತ ಕೋಗಿಲೆ ಇದೆಯೆಂಬುದನ್ನಷ್ಟೇ ತಿಳಿಸುತ್ತದೆ. ಹೆಣ್ಣಿನ ಕಿಕ್ಕಿಕ್ಕು ಯಾವ ಗೂಡಿನ ಬಳಿ ಏನು ನಡೆಯುತ್ತಿದೆ ಎಂಬುದರ ಸುಳಿವು ಕೊಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಆ ದನಿ ಕೇಳಿದೊಡನೆ ಕೈಗೆಲಸ ಬಿಟ್ಟು ಕಿಟಕಿಗೆ ಬನ್ನಿ.

ಬೇರೆ ದನಿಗಳೊಂದಿಗೆ ಗೊಂದಲವಾಗುವುದೂ ಇದೆ. ಕೋಗಿಲೆಯ ಕುಟುಂಬಕ್ಕೇ ಸೇರಿದ ಗಿಡುಗಕೋಗಿಲೆಯೂ ಹೀಗೆಯೇ ಸ್ಥಾಯಿ ಏರಿಸುತ್ತ ಕೂಗುತ್ತದೆ, ರಾತ್ರಿಯೂ ಕೂಗುತ್ತದೆ. ಆದರೆ ಅದರ ಕೂಗು ಮೂರು ಸ್ವರಗಳದು. ಮುಂಗಾರಿನ ಹೊತ್ತಿಗೆ ಮಲೆನಾಡಿನ ಕಾಡಂಚಿನಲ್ಲಿ ಕೇಳುವ ನಾಲ್ಕು ಸ್ವರಗಳ, ಏರಿಳಿತವಿರುವ ಕೂಗು ಭಾರತೀಯ ಕುಕ್ಕೂ ಹಕ್ಕಿಯದು. ಸ್ವರಗಳನ್ನು ಎಣಿಸುವ ಅಭ್ಯಾಸವಾದರೆ ಮೂರನ್ನೂ ಕಣ್ಣುಮುಚ್ಚಿ ಬೇರ್ಪಡಿಸಬಹುದು. ದನಿಯನ್ನು ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್‌ನಂಥ ಉಚಿತ ಆ್ಯಪ್‌ಗಳು ಆರಂಭದಲ್ಲಿ ನೆರವಾಗುತ್ತವೆ. ಆದರೆ ಮುದ್ರಿಸಿದ ಕೂಗನ್ನು ಗಟ್ಟಿಯಾಗಿ ನುಡಿಸಿ ಹಕ್ಕಿಯನ್ನು ಹತ್ತಿರಕ್ಕೆ ಸೆಳೆಯುವ ಕೆಲಸವನ್ನು ಸಂತಾನಕಾಲದಲ್ಲಿ ಖಂಡಿತ ಮಾಡಬಾರದು. ಇಲ್ಲದ ಎದುರಾಳಿಯನ್ನು ಹುಡುಕುತ್ತ ಹಕ್ಕಿ ತನ್ನ ಹೊತ್ತನ್ನೂ ಕಸುವನ್ನೂ ಕಳೆದುಕೊಳ್ಳುತ್ತದೆ.

ಮೂರನೆಯ ಹಂತ: ಹಕ್ಕಿಯನ್ನು ಕಂಡು ಗುರುತಿಸುವುದು

ವಿಜ್ಞಾನದಲ್ಲಿ ಯೂಡೈನಮಿಸ್ ಸ್ಕೊಲೊಪೇಸಿಯಸ್ ಎಂದು ಕರೆಯಲಾಗುವ ನಮ್ಮ ಕೋಗಿಲೆ, ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ 39ರಿಂದ 46 ಸೆಂಟಿಮೀಟರ್ ಉದ್ದವಿರುತ್ತದೆ. ಉದ್ದದಲ್ಲಿ ಊರುಕಾಗೆಗೆ ಹತ್ತಿರವಾದರೂ ಮೈ ಅದಕ್ಕಿಂತ ತೆಳು, ಬಾಲ ನೀಳ. ಗಂಡಿನ ಮೈ ನೀಲಿ ಹೊಳಪಿನ ಅಚ್ಚಗಪ್ಪು, ಕೊಕ್ಕು ಮಾಸಲು ಹಸಿರು, ಕಣ್ಣು ಕಡುಗೆಂಪು. ಹೆಣ್ಣಿನ ಮೇಲ್ಮೈ ಕಂದು. ಅದರ ಮೇಲೆಲ್ಲ ಬಿಳಿ ಚುಕ್ಕೆಗಳಿದ್ದು, ನೆತ್ತಿಯ ಮೇಲೆ ತುಸು ಕೆಂಗಂದು ಗೀರುಗಳಿರುತ್ತವೆ. ಎದೆ ಮತ್ತು ಹೊಟ್ಟೆ ಬೆಳ್ಳಗಿದ್ದು ಅಡ್ಡಪಟ್ಟೆಗಳಿಂದ ತುಂಬಿರುತ್ತವೆ, ಬಾಲದ ಮೇಲೂ ಪಟ್ಟೆಗಳಿವೆ. ಕಣ್ಣು ಮಾತ್ರ ಗಂಡಿನದರಂತೆಯೇ ಕೆಂಪು. ಇಷ್ಟು ಭಿನ್ನವಾದ ಬಣ್ಣಗಳಿಂದಾಗಿ ಹೆಣ್ಣನ್ನು ಬೇರೊಂದು ಹಕ್ಕಿಯೆಂದೋ ಗಿಡುಗದ ಜಾತಿಯದೆಂದೋ ಎಣಿಸುವವರೇ ಹೆಚ್ಚು. ಅನುಮಾನ ಬಂದಾಗ ಕಣ್ಣನ್ನೂ ಕೊಕ್ಕನ್ನೂ ನೋಡಬೇಕು. ಗಿಡುಗದ ಕೊಕ್ಕು ಕೊಂಡಿಯಂತೆ ಬಾಗಿರುತ್ತದೆ, ಕೋಗಿಲೆಯದು ಹಾಗಿಲ್ಲ.

ಗಂಡಿನ ವಿಷಯದಲ್ಲಿ ಗೊಂದಲ ಉಂಟುಮಾಡುವ ಹಕ್ಕಿಗಳು ಮುಖ್ಯವಾಗಿ ಎರಡು. ಕಾಜಾಣವೂ ಹೊಳೆಯುವ ಕಪ್ಪು ಹಕ್ಕಿಯೇ. ಆದರೆ ಅದು ಬಯಲಾಗಿ ತಂತಿಯ ಮೇಲೋ ದನದ ಬೆನ್ನಿನ ಮೇಲೋ ಕೂರುತ್ತದೆ, ಅದರ ಬಾಲ ಕವಲೊಡೆದಿರುತ್ತದೆ. ಕೆಂಬೂತದ ಕಣ್ಣೂ ಕೆಂಪು, ಮೈಯೂ ಕಪ್ಪು. ಆದರೆ ರೆಕ್ಕೆಗಳು ಇಟ್ಟಿಗೆಗೆಂಪು, ಹೆಚ್ಚಿನ ಹೊತ್ತು ನೆಲದ ಮೇಲೆ, ಪೊದೆಗಳ ಬುಡದಲ್ಲಿ ನಡೆದಾಡುತ್ತದೆ. ಕೆಂಬೂತವೂ ಕೋಗಿಲೆಯ ಕುಟುಂಬದ್ದೇ ಆಗಿದ್ದರೂ ತಾನೇ ಗೂಡು ಕಟ್ಟಿ, ಕಾವು ಕೊಟ್ಟು, ಮರಿಗಳನ್ನು ಸಾಕುತ್ತದೆ. ಒಂದೇ ಕುಟುಂಬದೊಳಗೆ ಎರಡು ಬಗೆಯ ಬಾಳುವೆ ಇರುವುದನ್ನು ಒಂದೇ ತೋಟದಲ್ಲಿ ನೋಡಬಹುದಾದ ಅವಕಾಶ ನಮಗಿದೆ.

ಕೂಗುವ ಗಂಡನ್ನು ಪತ್ತೆಮಾಡಲು ದನಿ ಬಂದ ಮರದ ಬುಡಕ್ಕೆ ಹೋಗಿ ನೇರ ಮೇಲಕ್ಕೆ ನೋಡುವುದರಿಂದ ಪ್ರಯೋಜನವಿಲ್ಲ. ಮರದಿಂದ ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಎಲೆಯ ಮುಸುಕಿನ ಅಂಚನ್ನು ಬೈನಾಕ್ಯುಲರ್‌ನಿಂದ ನಿಧಾನವಾಗಿ ಸವರಿಕೊಂಡು ಬರಬೇಕು. ಕೂಗಿನ ಸರಣಿ ಉಚ್ಚ ಸ್ಥಾಯಿಗೆ ಏರುವಾಗ ಹಕ್ಕಿಯ ಗಂಟಲು ಉಬ್ಬಿ ಅದುರುವುದರಿಂದ, ಅಲುಗದ ಎಲೆಗಳ ನಡುವೆ ಆ ಒಂದು ಚಲನೆ ಕಣ್ಣಿಗೆ ಬೀಳುತ್ತದೆ.

ನಾಲ್ಕನೆಯ ಹಂತ: ಹಣ್ಣಿನ ಮರಗಳಲ್ಲಿ ಕಾಯುವುದು

ಮಾವಿನ ಚಿಗುರನ್ನು ಮೆದ್ದು ಕೋಗಿಲೆ ಹಾಡುತ್ತದೆ ಎಂಬುದು ಕವಿಸಮಯ. ಬೆಳೆದ ಕೋಗಿಲೆಯ ಮುಖ್ಯ ಆಹಾರ ಹಣ್ಣು. ಜೊತೆಗೆ ಕಂಬಳಿಹುಳು, ಇತರ ಕೀಟಗಳು, ಕೆಲವೊಮ್ಮೆ ಸಣ್ಣ ಹಕ್ಕಿಗಳ ಮೊಟ್ಟೆಗಳನ್ನೂ ಅದು ತಿನ್ನುತ್ತದೆ. ಆಲ, ಅರಳಿ, ಅತ್ತಿ, ಬಸರಿಯಂಥ ಮರಗಳು, ಬೇವು, ಬೈನೆ, ನಗರಗಳ ರಸ್ತೆಬದಿಯ ಗಸಗಸೆ ಹಣ್ಣಿನ ಮರಗಳನ್ನು ನಿಮ್ಮ ನಕ್ಷೆಯಲ್ಲಿ ಗುರುತಿಸಿಟ್ಟುಕೊಳ್ಳಿ. ಹಣ್ಣಾದ ಮರವನ್ನು ಕೋಗಿಲೆ ತನ್ನದೆಂದು ಕಾಯ್ದುಕೊಂಡು ಇತರ ಹಕ್ಕಿಗಳನ್ನು ಅಟ್ಟುವುದೂ ಇದೆ. ಅದರ ಬಾಯಿ ಅಗಲವಾಗಿ ತೆರೆದುಕೊಳ್ಳುವುದರಿಂದ ತಾಳೆಯ ಜಾತಿಯ ಗಟ್ಟಿ ಹಣ್ಣುಗಳನ್ನೂ ಇಡಿಯಾಗಿ ನುಂಗಬಲ್ಲದು. ಸ್ತನಿಗಳಿಗೆ ವಿಷವಾಗಿರುವ ಹಳದಿ ಕಣಗಿಲೆಯ ಹಣ್ಣನ್ನು ಅದು ತಿನ್ನುವುದನ್ನು ನೋಡಿ ಯಾರೂ ಆ ಹಣ್ಣನ್ನು ನಿರಪಾಯವೆಂದು ತಿಳಿಯಬಾರದು.

ಈ ಹಂತದಲ್ಲಿ ನಮ್ಮ ನಾಡಿಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಲೇಬೇಕು. ಶ್ರೀಗಂಧದ ಬೀಜ ಹರಡುವ ಹಕ್ಕಿಗಳಲ್ಲಿ ಕೋಗಿಲೆ ಪ್ರಮುಖವಾದುದು. ಕನ್ನಡಿಗರಿಗೆ ಕಾದಂಬರಿಕಾರರಾಗಿಯೂ ಪರಿಚಿತರಾದ ಕೆ.ಎನ್. ಗಣೇಶಯ್ಯ ಹಾಗೂ ಅವರ ಸಹ ಸಂಶೋಧಕರು ಗಂಧದ ಬೀಜದ ಗಾತ್ರವನ್ನು ಕುರಿತ ಅಧ್ಯಯನವೊಂದನ್ನು 1991ರಲ್ಲಿ ಪ್ರಕಟಿಸಿದರು. ದೊಡ್ಡ ಬೀಜವಿರುವ ಹಣ್ಣನ್ನು ತಿಂದಾಗ ಹಕ್ಕಿ ಬೀಜವನ್ನು ಬೇಗನೆ, ತಾಯಿಮರದ ಹತ್ತಿರದಲ್ಲಿಯೇ ಉಗುಳಿಬಿಡುತ್ತದೆ. ಸಣ್ಣ ಬೀಜವಾದರೆ ಅದು ಹೊಟ್ಟೆ ಸೇರಿ ದೂರಕ್ಕೆ ಸಾಗುತ್ತದೆ. ಆದರೆ ದೊಡ್ಡ ಬೀಜದಿಂದ ಹುಟ್ಟಿದ ಸಸಿ ನೆಲೆಯೂರುವುದರಲ್ಲಿ ಮುಂದು. ಹೀಗೆ ದೂರ ಸಾಗುವ ಲಾಭಕ್ಕೂ ಗಟ್ಟಿಯಾಗಿ ಬೇರೂರುವ ಲಾಭಕ್ಕೂ ನಡುವೆ ಮರವೊಂದು ಹೊಂದಾಣಿಕೆ ಮಾಡಿಕೊಳ್ಳುವಲ್ಲಿ ಕೋಗಿಲೆಯ ಗಂಟಲಿನ ಪಾತ್ರವಿದೆ. ನಿಮ್ಮ ಹತ್ತಿರ ಗಂಧದ ಮರವಿದ್ದರೆ, ಹಣ್ಣು ಕಪ್ಪಾಗುವ ದಿನಗಳಲ್ಲಿ ಹಕ್ಕಿ ಹಣ್ಣು ನುಂಗಿದ ಹೊತ್ತು, ಬೀಜ ಉಗುಳಿದ ಹೊತ್ತು, ಉಗುಳಿದ ಜಾಗ ಮರದಿಂದ ಎಷ್ಟು ದೂರ ಎಂಬ ಮೂರು ವಿವರಗಳನ್ನು ಬರೆದಿಡಿ. ಅಗ್ಗದ ನೋಟ್‌ಬುಕ್ಕಿನಲ್ಲಿ ಮಾಡಬಹುದಾದ ನಿಜವಾದ ವಿಜ್ಞಾನ ಇದು.

ಐದನೆಯ ಹಂತ: ಕಾಗೆಯ ಗೂಡನ್ನು ಆರಿಸಿ ಕಾಯುವುದು

ಇದು ಇಡೀ ಕೆಲಸದ ತಿರುಳು. ತಾಳ್ಮೆಯನ್ನು ಉಳಿಸಿಕೊಂಡಿರಬೇಕಾದದ್ದು ಇಲ್ಲಿಗಾಗಿ. ಭಾರತದಲ್ಲಿ ಕೋಗಿಲೆ ಪ್ರಧಾನವಾಗಿ ಮೊಟ್ಟೆಯಿಡುವುದು ಬೂದುಗತ್ತಿನ ಊರುಕಾಗೆಯ ಮತ್ತು ಪೂರ್ತಿ ಕಪ್ಪಾದ, ದಪ್ಪ ಕೊಕ್ಕಿನ ಕಾಡುಕಾಗೆಯ ಗೂಡುಗಳಲ್ಲಿ. ಎಲ್ಲ ಕಡೆಯೂ ಹೀಗೆಯೇ ಇಲ್ಲ. ಬಾಂಗ್ಲಾದೇಶದಲ್ಲಿ ಮೈನಾ ಮತ್ತು ಉದ್ದಬಾಲದ ಕಳಿಂಗ ಹಕ್ಕಿಗಳ ಗೂಡುಗಳಲ್ಲಿಯೂ ಅದರ ಮೊಟ್ಟೆಗಳು ದೊರೆತಿವೆ. ಶ್ರೀಲಂಕಾದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೂ ಕಾಡುಕಾಗೆಯನ್ನೇ ನೆಚ್ಚಿಕೊಂಡಿದ್ದ ಕೋಗಿಲೆ ಅನಂತರ ಊರುಕಾಗೆಯ ಗೂಡುಗಳತ್ತ ಹೊರಳಿತು. ಆದ್ದರಿಂದ ಕಾಗೆಗಳ ಮೇಲೆ ಹೆಚ್ಚು ಗಮನವಿಟ್ಟರೂ, ಇತರ ಹಕ್ಕಿಗಳ ಗೂಡಿನ ಬಳಿ ಹೆಣ್ಣು ಕೋಗಿಲೆ ಸುಳಿದಾಡಿದರೆ ಅದನ್ನು ಕಡೆಗಣಿಸಬಾರದು.

ಗೂಡನ್ನು ಆರಿಸುವಾಗ ಮಹಡಿಯಿಂದಲೋ ಕಚೇರಿಯ ಕಿಟಕಿಯಿಂದಲೋ ಕಾಣುವಂಥದ್ದನ್ನು ಆರಿಸಿಕೊಳ್ಳಿ. ಕಾಗೆ ದಂಪತಿ ಕಡ್ಡಿಗಳನ್ನು ಒಯ್ಯುತ್ತಿರುವ ದಿನದಿಂದಲೇ ನೋಡತೊಡಗಬೇಕು. ನಗರಗಳಲ್ಲಿ ಅವು ಕಡ್ಡಿಯ ಜೊತೆಗೆ ಕಬ್ಬಿಣದ ತಂತಿಯ ತುಂಡುಗಳನ್ನೂ ಹೆಣೆಯುತ್ತವೆ. ಕಡ್ಡಿ ಒಯ್ಯುವುದು ನಿಂತು, ನಾರು, ಕೂದಲು, ಹತ್ತಿಯಂಥ ಮೆತ್ತನೆಯ ವಸ್ತು ಹೋಗತೊಡಗಿದರೆ ಮೊಟ್ಟೆಯಿಡುವ ಕಾಲ ಸಮೀಪಿಸಿತೆಂದು ತಿಳಿಯಬೇಕು. ಆ ವಾರ ಬೆಳಿಗ್ಗೆಯೂ ಇಳಿಹೊತ್ತಿನಲ್ಲಿಯೂ ಒಂದೊಂದು ಗಂಟೆಯಾದರೂ ಗೂಡಿನ ಮೇಲೆ ಕಣ್ಣಿಡಲು ಸಾಧ್ಯವಾದರೆ, ನೀವು ಹುಡುಕುತ್ತಿರುವ ಘಟನೆ ಕಣ್ಣಿಗೆ ಬೀಳುವ ಸಂಭವವಿದೆ.

ಆ ಘಟನೆ ಹೀಗಿರುತ್ತದೆ. ಗೂಡಿನ ಪಕ್ಕದ ಕೊಂಬೆಗೆ ಗಂಡು ಕೋಗಿಲೆ ಬಂದು ಎಲ್ಲರಿಗೂ ಕಾಣುವಂತೆ ಕೂತು ಕೂಗುತ್ತದೆ. ಸಾಮಾನ್ಯವಾಗಿ ಎಲೆಯ ಮರೆ ಬಿಟ್ಟು ಬರದ ಹಕ್ಕಿ ಹೀಗೆ ಬಯಲಿಗೆ ಬಂದರೆ ಅಲ್ಲೇನೋ ನಡೆಯಲಿದೆ ಎಂದೇ ಅರ್ಥ. ಗೂಡಿನಲ್ಲಿದ್ದ ಕಾಗೆ ತಲೆಯೆತ್ತಿ ನೋಡುತ್ತದೆ, ಸಂಗಾತಿ ಅಬ್ಬರಿಸುತ್ತ ಬರುತ್ತದೆ, ಎರಡೂ ಸೇರಿ ಗಂಡನ್ನು ಅಟ್ಟಿಸಿಕೊಂಡು ಮರದಿಂದ ಮರಕ್ಕೆ ಹೋಗುತ್ತವೆ. ಅಷ್ಟರಲ್ಲಿ ಚುಕ್ಕೆಮೈಯ ಹೆಣ್ಣು ಕೆಳಕೊಂಬೆಗಳ ಮರೆಯಿಂದ ಸದ್ದಿಲ್ಲದೆ ಗೂಡಿನ ಅಂಚಿಗೆ ಬಂದು ಒಳಗೆ ಕೂರುತ್ತದೆ, ಬಹುಬೇಗನೆ ಹೊರಟುಬಿಡುತ್ತದೆ. ಕೆಲವೊಮ್ಮೆ ಕಾಗೆಯ ಮೊಟ್ಟೆಯೊಂದನ್ನು ತೆಗೆದುಹಾಕುವುದೂ ಉಂಟು. ಗಂಡು ಹೀಗೆ ಕಾಗೆಯನ್ನು ಸೆಳೆದೊಯ್ಯುವುದನ್ನು ವೀಕ್ಷಕರು ದಾಖಲಿಸಿದ್ದಾರೆ. ಆದರೆ ಪ್ರತಿ ಸಲವೂ ಹೀಗೆ ನಡೆಯಬೇಕೆಂದೇನೂ ಇಲ್ಲ. ಗೂಡು ಖಾಲಿಯಿದ್ದ ಹೊತ್ತನ್ನು ನೋಡಿಕೊಂಡು ಹೆಣ್ಣು ಒಂಟಿಯಾಗಿ ಬಂದುಹೋಗುವುದೇ ಹೆಚ್ಚು. ಆದ್ದರಿಂದ ಗಂಡಿನ ಅಬ್ಬರವನ್ನೇ ಕಾಯುತ್ತ ಕೂತರೆ ಮುಖ್ಯವಾದುದು ತಪ್ಪಿಹೋಗಬಹುದು.

ಇಲ್ಲಿ ಸಮಯದ ಲೆಕ್ಕ ಬಹಳ ಸೊಗಸಾಗಿದೆ. ಕಾಗೆ ಇನ್ನೂ ಮೊಟ್ಟೆಯಿಡದ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವುದಿಲ್ಲ. ಕಾಗೆಯ ಮೊದಲ ಮೊಟ್ಟೆ ಬಿದ್ದ ಮೇಲೆ ಸರಾಸರಿ ಒಂದೂವರೆ ದಿನದೊಳಗೆ ಅದು ತನ್ನದನ್ನು ಸೇರಿಸುತ್ತದೆ. ಊರುಕಾಗೆಯ ಮೊಟ್ಟೆ ಒಡೆಯಲು 16–17 ದಿನ ಬೇಕಾದರೆ, ಕೋಗಿಲೆಯ ಮೊಟ್ಟೆಗೆ 12ರಿಂದ 14 ದಿನ ಸಾಕು. ಹೀಗಾಗಿ ಕೋಗಿಲೆಮರಿ ಕಾಗೆಮರಿಗಳಿಗಿಂತ ಸುಮಾರು ಮೂರು ದಿನ ಮೊದಲೇ ಹೊರಬಂದು ಮೊದಲ ತುತ್ತುಗಳನ್ನು ಪಡೆಯುತ್ತದೆ. ಕಾಗೆ ಗೂಡಿನಲ್ಲಿ ಎಡೆಬಿಡದೆ ಕೂರಲು ಆರಂಭಿಸಿದ ದಿನವನ್ನು ನೀವು ಬರೆದಿಟ್ಟುಕೊಂಡಿದ್ದರೆ ಮುಂದಿನದನ್ನೆಲ್ಲ ಅಂದಾಜಿಸಬಹುದು. ಉದಾಹರಣೆಗೆ ಕೋಗಿಲೆಯ ಮೊಟ್ಟೆ ಏಪ್ರಿಲ್ 10ರ ಹೊತ್ತಿಗೆ ಬಿದ್ದಿದ್ದರೆ, ಮರಿ ಏಪ್ರಿಲ್ 22ರಿಂದ 24ರೊಳಗೆ ಹೊರಬರುತ್ತದೆ. 20ರಿಂದ 28 ದಿನ ಗೂಡಿನಲ್ಲಿ ಬೆಳೆದು ಮೇ 12ರಿಂದ 22ರ ಆಸುಪಾಸಿನಲ್ಲಿ ಹೊರಗೆ ಬರುತ್ತದೆ. ಆ ಹತ್ತು ದಿನಗಳನ್ನು ಬಿಡುವಾಗಿ ಇಟ್ಟುಕೊಳ್ಳಿ.

ಗೂಡಿನೊಳಗೆ ಇಣುಕುವ ಆಸೆಯನ್ನು ಸಂಪೂರ್ಣವಾಗಿ ಬಿಡಬೇಕು. ಕೋಗಿಲೆಯ ಮೊಟ್ಟೆ ಬಣ್ಣದಲ್ಲಿ ಕಾಗೆಯದನ್ನೇ ಹೋಲುತ್ತದೆ, ಗಾತ್ರದಲ್ಲಿ ಚಿಕ್ಕದು ಎಂಬುದು ಬಹಳ ಹಿಂದಿನಿಂದ ತಿಳಿದ ವಿಷಯ. ಸಾಮಾನ್ಯವಾಗಿ ಒಂದು ಗೂಡಿನಲ್ಲಿ ಅಂಥ ಒಂದೆರಡು ಮೊಟ್ಟೆಗಳಿರುತ್ತವೆ. ಏಳಕ್ಕಿಂತ ಹೆಚ್ಚು ಸಿಕ್ಕ ಉದಾಹರಣೆಗಳೂ ಇವೆ. ಇದನ್ನು ಖಚಿತಪಡಿಸಿಕೊಳ್ಳಲು ಮರ ಹತ್ತುವುದು, ಡ್ರೋನ್ ಹಾರಿಸುವುದು, ಕೋಲಿಗೆ ಕ್ಯಾಮೆರಾ ಕಟ್ಟಿ ಚಾಚುವುದು ಗೂಡನ್ನೇ ಕೆಡಿಸುವ ಕೆಲಸಗಳು. ಹೊರಗಿನಿಂದ ನೋಡಿ ತಿಳಿಯುವಷ್ಟನ್ನೇ ತಿಳಿದರೆ ಸಾಕು.

ಆರನೆಯ ಹಂತ: ಮರಿಯನ್ನು ಪತ್ತೆಹಚ್ಚುವುದು

ಕೋಗಿಲೆಮರಿ ಗೂಡಿನ ಉಳಿದ ಮೊಟ್ಟೆಗಳನ್ನೆಲ್ಲ ಹೊರಗೆ ತಳ್ಳಿಬಿಡುತ್ತದೆ ಎಂಬ ಮಾತು ನಮ್ಮಲ್ಲಿ ವ್ಯಾಪಕವಾಗಿದೆ. ಅದು ಯುರೋಪಿನ ಕುಕ್ಕೂ ಮರಿಯ ನಡತೆ. ನಮ್ಮ ಕೋಗಿಲೆಮರಿ ಸಾಮಾನ್ಯವಾಗಿ ಹಾಗೆ ಮಾಡದೆ ಕಾಗೆಮರಿಗಳ ಜೊತೆಯಲ್ಲಿಯೇ ಬೆಳೆಯುವುದರಿಂದ, ಒಂದೇ ಗೂಡಿನಿಂದ ಎರಡೂ ಬಗೆಯ ಮರಿಗಳು ಹಾರಿಹೋಗಬಹುದು. ಸಿಡ್ನಿ, ಬ್ರಿಸ್ಬೇನ್ ಮುಂತಾದ ಕಡೆ ನೆಲೆಸಿರುವ ಕನ್ನಡಿಗರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೇಳುವ ಕೂಗು ಇದಕ್ಕೆ ಬಲು ಹತ್ತಿರವಾದರೂ ಆ ಹಕ್ಕಿ ಬೇರೆ ಪ್ರಭೇದದ್ದು: ಅದು ಉತ್ತರದಿಂದ ವಲಸೆ ಬರುತ್ತದೆ, ಕಾಗೆಯ ಬದಲು ಜೇನುಹೀರುಕಗಳಂಥ ಹಕ್ಕಿಗಳ ಗೂಡನ್ನು ಆಶ್ರಯಿಸುತ್ತದೆ, ಅದರ ಮರಿ ಗೂಡಿನ ಒಡನಾಡಿಗಳನ್ನು ಹೊರದೂಡುತ್ತದೆ. ಸಿಂಗಪುರದಲ್ಲಿರುವವರು ಕೇಳುವುದು ಮಾತ್ರ ನಮ್ಮದೇ ಪ್ರಭೇದದ ಕೋಗಿಲೆ. ಅದು ಅಲ್ಲಿ 1980ರ ದಶಕದಿಂದೀಚೆಗೆ ನೆಲೆಯೂರಿ ಬಹಳ ಸಾಮಾನ್ಯವಾಗಿದೆ.

ಮರಿ ಗೂಡಿನಲ್ಲಿರುವಾಗ ಆರಂಭದ ದಿನಗಳಲ್ಲಿ ಕಾಗೆಮರಿಯ ದನಿಯಲ್ಲಿಯೇ ಅರಚುತ್ತದೆ. ಅದರ ಗರಿಯೂ ಕಡುಬಣ್ಣದ್ದು, ಕೊಕ್ಕೂ ಕಪ್ಪು. ಹೀಗಿರುವಾಗ ಬೇರ್ಪಡಿಸುವುದು ಹೇಗೆ? ಗೂಡಿನಿಂದ ಹೊರಬಂದ ಮರಿ ಕೊಂಬೆಯ ಮೇಲೆ ರೆಕ್ಕೆ ಅದುರಿಸುತ್ತ ತುತ್ತು ಬೇಡುವ ದಿನಗಳೇ ಇದಕ್ಕೆ ತಕ್ಕವು. ಕಾಗೆಮರಿಯ ಕೊಕ್ಕು ದಪ್ಪ, ತಲೆ ದೊಡ್ಡದು, ಬಾಲ ಮೊಟಕು; ಕೋಗಿಲೆಮರಿಯದು ಚಿಕ್ಕ ಕೊಕ್ಕು, ತೆಳುಮೈ, ಗರಿಗಳ ಅಂಚಿನಲ್ಲಿ ಅಲ್ಲಲ್ಲಿ ಮಾಸಲು ಬಿಳಿಯ ಚುಕ್ಕೆಗಳು. ಕಾಲು ಕಾಣುವಂತಿದ್ದರೆ ನಿರ್ಣಯ ಸುಲಭ: ಕಾಗೆಗೆ ಮೂರು ಬೆರಳು ಮುಂದೆ, ಒಂದು ಹಿಂದೆ, ಕೋಗಿಲೆಗೆ ಎರಡು ಮುಂದೆ, ಎರಡು ಹಿಂದೆ. ದೊಡ್ಡ ಕಾಗೆಯೊಂದು ತನ್ನ ಕೊಕ್ಕನ್ನು ಈ ಸಣ್ಣ ಬಾಯೊಳಗೆ ಆಳವಾಗಿ ಇಳಿಸಿ ತುತ್ತನ್ನು ಬಿಡುವಾಗ, ಮರಿಯ ಮೈಯೆಲ್ಲ ನಡುಗುವುದು ಬೈನಾಕ್ಯುಲರ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೊಟ್ಟೆಯಿಡಲು ಬಂದ ಕೋಗಿಲೆಯನ್ನು ಮೈಲಿದೂರ ಅಟ್ಟುವ ಅದೇ ಕಾಗೆ, ಮರಿಯ ವಿಷಯದಲ್ಲಿ ತೋರುವ ಈ ಅಕ್ಕರೆಯನ್ನು ಒಮ್ಮೆ ಕಂಡವರು ಕೋಗಿಲೆಯನ್ನು ಸೋಮಾರಿಯೆಂದೂ ಕಾಗೆಯನ್ನು ದಡ್ಡನೆಂದೂ ಕರೆಯಲು ಹಿಂಜರಿಯುತ್ತಾರೆ. ಎರಡೂ ಹಕ್ಕಿಗಳು ಬಹುಕಾಲದಿಂದ ಒಂದನ್ನೊಂದು ಎದುರಿಸುತ್ತ ಒಟ್ಟಿಗೆ ಬದುಕಿ ಬಂದಿವೆ. ನಮ್ಮ ಗುಣದೋಷದ ಮಾತು ಅಲ್ಲಿ ಹೊಂದುವುದಿಲ್ಲ.

ಇನ್ನೊಂದು ವಿಶೇಷವನ್ನೂ ನೋಡಲು ಪ್ರಯತ್ನಿಸಿ. ಬೆಳೆದ ಕೋಗಿಲೆಗಳು, ಹೆಚ್ಚಾಗಿ ಹೆಣ್ಣುಗಳು, ಕಾಗೆ ಸಾಕುತ್ತಿರುವ ಕೋಗಿಲೆಮರಿಗೆ ಬಂದು ಆಹಾರ ಕೊಟ್ಟದ್ದನ್ನು ವೀಕ್ಷಕರು ದಾಖಲಿಸಿದ್ದಾರೆ. ಅಂಥ ದೃಶ್ಯ ಕಂಡರೆ ದಿನಾಂಕ, ಹೊತ್ತು, ಕೊಟ್ಟ ಆಹಾರ, ಸುತ್ತ ಕಾಗೆಗಳಿದ್ದವೇ ಎಂಬುದನ್ನೆಲ್ಲ ತಪ್ಪದೆ ಬರೆದಿಡಿ, ಸಾಧ್ಯವಾದರೆ ವಿಡಿಯೊ ಮಾಡಿ.

ಏಳನೆಯ ಹಂತ: ನೆಲದ ಮೇಲೆ ಮರಿ ಸಿಕ್ಕಾಗ

ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಅದರಲ್ಲೂ ಮುಂಗಾರುಪೂರ್ವ ಗಾಳಿಮಳೆಯ ಮರುದಿನ, ಅರೆಹಾರುವ ಕೋಗಿಲೆಮರಿಗಳು ಅಂಗಳಕ್ಕೆ, ರಸ್ತೆಗೆ ಬೀಳುವುದು ಸಾಮಾನ್ಯ. ಮೈತುಂಬ ಗರಿ ಬಂದು ಮರಿ ಚುರುಕಾಗಿದ್ದರೆ, ಅದು ಹಾರಲು ಕಲಿಯುತ್ತಿರುವ ಮರಿಯೇ ಹೊರತು ಅನಾಥವಲ್ಲ. ಅದನ್ನು ಎತ್ತಿ ಹತ್ತಿರದ ಪೊದೆಗೋ ತಗ್ಗಿನ ಕೊಂಬೆಗೋ ಏರಿಸಿ, ನಾಯಿ ಬೆಕ್ಕುಗಳು ಸುಳಿಯದಂತೆ ನೋಡಿಕೊಂಡು ದೂರ ಸರಿದು ನಿಲ್ಲಬೇಕು. ಸಾಕುತ್ತಿರುವ ಕಾಗೆಗಳು ತುತ್ತು ತರಲು ಬಹುತೇಕ ಮರಳಿ ಬರುತ್ತವೆ. ನಾವು ಅಲ್ಲಿಯೇ ನಿಂತಿದ್ದರೆ ಬರುವುದಿಲ್ಲ. ಕಾಗೆಗಳು ಮರಿಯನ್ನು ಕುಕ್ಕುತ್ತಿವೆ ಎಂದು ತಿಳಿದು ಅವನ್ನು ಓಡಿಸುವವರಿದ್ದಾರೆ. ತುತ್ತು ಕೊಡುವ ಕಾಗೆಯನ್ನೇ ಓಡಿಸುತ್ತಿದ್ದೇವೆಯೇ ಎಂದು ಮೊದಲು ಕೆಲವು ನಿಮಿಷ ನೋಡಿ ನಿರ್ಧರಿಸಬೇಕು.

ಗಾಯವಾಗಿದ್ದರೆ, ಒಂದು ರೆಕ್ಕೆ ಜೋತುಬಿದ್ದಿದ್ದರೆ ಅಥವಾ ಮರಿ ಕಣ್ಣು ಮುಚ್ಚಿ ತೂಕಡಿಸುತ್ತಿದ್ದರೆ, ಗಾಳಿಯಾಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಅದರೊಳಗಿಟ್ಟು ಮುಚ್ಚಿ, ವನ್ಯಜೀವಿ ರಕ್ಷಣಾ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಲುಪಿಸಬೇಕು. ಬಾಯಿಗೆ ನೀರು ಹನಿಸುವುದು, ಹಾಲು ಅನ್ನ ತಿನ್ನಿಸುವುದು ಎರಡೂ ಅಪಾಯಕರ. ನೀರು ಶ್ವಾಸನಾಳಕ್ಕೆ ಹೋಗಿ ಹಕ್ಕಿ ಸಾಯಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ ಕೋಗಿಲೆಯನ್ನು ಪಂಜರದಲ್ಲಿಟ್ಟು ಸಾಕುವುದು ಅಪರಾಧವೂ ಹೌದು.

ಎಂಟನೆಯ ಹಂತ: ದಾಖಲೆ

ಪ್ರತಿ ಭೇಟಿಗೂ ದಿನಾಂಕ, ಆರಂಭದ ಮತ್ತು ಮುಗಿದ ಹೊತ್ತು, ಹವಾಮಾನ, ಕೇಳಿದ ಕೂಗು ಗಂಡಿನದೋ ಹೆಣ್ಣಿನದೋ, ಕಂಡ ನಡತೆ, ಮರದ ಹೆಸರು ಇಷ್ಟನ್ನು ಬರೆಯಬೇಕು. ಏನೂ ಕಾಣದ ದಿನವನ್ನೂ ಬರೆಯಬೇಕು. ಕೋಗಿಲೆ ಕೂಗದ ದಿನಗಳ ಲೆಕ್ಕವಿಲ್ಲದೆ ಅದು ಕೂಗಲು ಆರಂಭಿಸಿದ ದಿನಕ್ಕೆ ಬೆಲೆಯಿಲ್ಲ. ಇ-ಬರ್ಡ್‌ನಂಥ ಸಾರ್ವಜನಿಕ ದಾಖಲೆಗೆ ಪಟ್ಟಿಯನ್ನು ಸೇರಿಸಿದರೆ ಅದು ಸಂಶೋಧಕರಿಗೂ ಒದಗುತ್ತದೆ. ಗೂಡಿನ ನಿಖರ ಸ್ಥಳವನ್ನೂ ಮರಿಯ ಹತ್ತಿರದ ಚಿತ್ರವನ್ನೂ ಮರಿ ಹಾರಿಹೋಗುವವರೆಗೆ ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಳ್ಳದಿರುವುದು ಒಳ್ಳೆಯದು, ಏಕೆಂದರೆ ಚಿತ್ರ ತೆಗೆಯಲು ಬರುವ ಹತ್ತು ಜನರ ಗದ್ದಲವನ್ನು ಯಾವ ಗೂಡೂ ತಾಳಲಾರದು. ಬಡಾವಣೆಯಲ್ಲಿ ಮರದ ಕೊಂಬೆ ಕಡಿಯುವ ಕೆಲಸ ಏಪ್ರಿಲ್‌ನಿಂದ ಜುಲೈವರೆಗೆ ನಡೆಯದಂತೆ ನಿವಾಸಿಗಳ ಸಂಘದಲ್ಲಿ ಮಾತಾಡಿ ಒಪ್ಪಿಸಲು ನಿಮ್ಮ ಈ ಟಿಪ್ಪಣಿಗಳೇ ಆಧಾರವಾಗಬಲ್ಲವು: ಯಾವ ಮರದಲ್ಲಿ, ಯಾವ ವಾರದಲ್ಲಿ ಗೂಡಿತ್ತು ಎಂಬುದು ಅವುಗಳಲ್ಲಿ ಇರುತ್ತದೆ.

ಆಗಸ್ಟ್ ಕಳೆದು ಕೂಗು ನಿಂತ ಮೇಲೆ ಗೂಡಿನ ಪುಟಗಳನ್ನು ಮುಚ್ಚಿ, ಹಣ್ಣಿನ ಮರಗಳ ಪುಟಗಳನ್ನು ಮುಂದುವರಿಸಬೇಕು. ಆ ವರ್ಷದ ಮರಿಗಳು ಕಾಗೆಯ ಆಸರೆ ಬಿಟ್ಟು ಸ್ವತಂತ್ರವಾಗಿ ತಿನ್ನತೊಡಗುವುದು ಅಲ್ಲಿಯೇ. ಅವುಗಳ ಮೈಬಣ್ಣ ತಿಂಗಳಿಂದ ತಿಂಗಳಿಗೆ ಗಂಡಿನದೋ ಹೆಣ್ಣಿನದೋ ಆಗಿ ಬದಲಾಗುವುದನ್ನು ಚಿತ್ರಸಹಿತ ದಾಖಲಿಸುವ ಕೆಲಸವನ್ನು ಮುಂದಿನ ಯುಗಾದಿಯವರೆಗೂ ನಡೆಸಬಹುದು.